ಸೋಮವಾರದ ಒಪ್ಪತ್ತು

ತಟ್ಟೆಯಲ್ಲಿದ್ದ ಚಹಾದ ಕಪ್ಪುಗಳು ಕಟಕಟ ಸದ್ದು ಮಾಡಿದವು. ಹಂಪೇಶ್ ತಲೆ ಎತ್ತಿದ. ಸುಕನ್ಯಾಳ ಬೆರಳುಗಳು ನಡುಗುತ್ತಿದ್ದವು. ಕೊಟ್ಟೂರಿಗೆ ಹೆಣ್ಣು ನೋಡಲು ಬಂದವರಲ್ಲಿ ಆ ನಡುಕದ ಕಾರಣ ಗೊತ್ತಿದ್ದವನು ಅವನೊಬ್ಬನೇ.

ಹಗರಿಬೊಮ್ಮನಹಳ್ಳಿಯ ಲ್ಯಾಬಿನಲ್ಲಿ ಅವಳ ರಕ್ತ ತೆಗೆದವನು ಅವನು. ರಿಪೋರ್ಟ್ ಕೊಡುವ ನೆಪದಲ್ಲಿ ಅವಳು ಪಾಠ ಮಾಡುವ ಕಾಲೇಜಿನವರೆಗೂ ಹೋಗಿದ್ದ. ಆಮೇಲೆ ನೆಪಗಳೇ ಬೇಕಾಗಲಿಲ್ಲ.

"ಸೋಮವಾರ ಅಲ್ಲೇನವ್ವ, ಒಪ್ಪತ್ತು ಮಾಡ್ತಾರ. ಅದಕ್ಕ ಕೈ ನಡಗತಾವ," ಎಂದ.

ಅವನ ತಾಯಿ ಪಂಪಮ್ಮನ ಮುಖ ಅರಳಿತು. "ಕಾಲೇಜಿನಾಗ ಪಾಠ ಹೇಳಿದ್ರೂ ಒಪ್ಪತ್ತು ಬಿಟ್ಟಿಲ್ಲ ನೋಡು. ಇಂಥಾ ಸೊಸೀನ ಬೇಕಾಗಿತ್ತು ನನಗ."

ಸುಕನ್ಯಾ ಅವನತ್ತ ನೋಡಿದಳು. ಸುಮ್ಮನಿರು ಎಂದು ಅವನ ಕಣ್ಣುಗಳು ಬೇಡುತ್ತಿದ್ದವು. ಸುಮ್ಮನಿದ್ದರೆ ಅವನು ಸಿಗುತ್ತಾನೆ. ಆದರೆ ಬದುಕಿಡೀ ಪ್ರತಿ ಸೋಮವಾರ ಈ ಸುಳ್ಳನ್ನು ಕಾಯಬೇಕು.

"ಬೆಳಿಗ್ಗೆ ಮೂರು ರೊಟ್ಟಿ ತಿಂದೀನ್ರಿ," ಎಂದಳು. "ಇನ್ನೂ ಹಸಿವು ಐತಿ."

ಪಂಪಮ್ಮ ಹುಬ್ಬು ಗಂಟಿಕ್ಕಿದಳು.

"ನನಗ ಥೈರಾಯ್ಡ್ ಕಾಯಿಲಿ ಐತ್ರಿ. ಮೈ ಕಾಯೋ ಬಿಳಿ ರಕ್ತಕಣಗಳು ಕೊರಳಿನ ಗ್ರಂಥೀನ ವೈರಿ ಅಂತ ತಿಳಿದಾವ. ಕೆರಳಿದ ಕಣ ರಕ್ತದಾಗಿನ ಸಕ್ಕರಿ ಗಬಗಬ ತಿಂದು ಒಂದಿದ್ದದ್ದು ನೂರಾಗತೈತಿ. ಅವು ಕೆಣಕಿದಂಗೆಲ್ಲ ಗ್ರಂಥಿ ಅತಿಯಾಗಿ ರಸ ಸುರಿಸತೈತಿ. ಅದಕ್ಕ ಉಂಡದ್ದು ಮೈಗೆ ಹತ್ತವಲ್ದು, ಕೈ ನಿಲ್ಲವಲ್ದು."

"ಗುಣ ಆಗತೈತೇನು?" ಪಂಪಮ್ಮನ ದನಿ ತಗ್ಗಿತ್ತು.

"ಗುಳಿಗಿ ತಗೊಂಡ್ರ ಹತೋಟಿಗೆ ಬರತೈತ್ರಿ. ಬಿಟ್ಟ ಮ್ಯಾಲೆ ತಿರುಗಿ ಬಂದ್ರೂ ಬರಬಹುದು."

ಪಂಪಮ್ಮ ಮಗನತ್ತ ತಿರುಗಿದಳು. "ನಿನಗ ಗೊತ್ತಿತ್ತೇನಲೇ?"

"ಗೊತ್ತಿತ್ತವ್ವ. ನೀ ಬ್ಯಾಡ ಅಂದುಬಿಟ್ರ ಅಂತ ಅಂಜಿದೆ."

"ಕಾಯಿಲಿ ಆಕಿಗೆ, ಅಂಜಿಕಿ ನಿನಗ."

ಪಂಪಮ್ಮ ತಟ್ಟೆಯನ್ನು ತಾನೇ ಇಸಿದುಕೊಂಡು ಕೆಳಗಿಟ್ಟಳು. ಸುಕನ್ಯಾಳ ಕೊರಳನ್ನು ಬಹಳ ಹೊತ್ತು ನೋಡಿದಳು. ಸುಕನ್ಯಾ ಸೆರಗು ಎಳೆದುಕೊಳ್ಳಲಿಲ್ಲ.

"ಮನ್ಯಾಗ ಸುಳ್ಳು ಹೇಳಾಕ ಇವನೊಬ್ಬ ಸಾಕು. ಖರೇ ಹೇಳೋ ಸೊಸಿ ಇರ್ಲಿ," ಎಂದಳು ಕೊನೆಗೆ. "ಹೋಗಲೇ, ಆಕಿ ಮುಂದ ತಪ್ಪು ಒಪ್ಪಿಕೋ."

ಅವನು ಅವಳ ಹಿಂದೆಯೇ ಹೊರಗಿನ ಕಟ್ಟೆಯ ಬಳಿ ಬಂದ.

"ಸಿಟ್ಟೇನ್ರಿ?"

"ಹೂಂ. ನನ್ನನ್ನ ಮುಚ್ಚಿಡೋ ಸಾಮಾನು ಮಾಡಿದ್ರಿ."

"ತಪ್ಪಾತು. ನೀವಿಲ್ದ ನನಗ ಆಗಂಗಿಲ್ಲ, ಅದೊಂದ ತಿಳೀತಿತ್ತು."

ಅವನು ಅವಳ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ನಾಡಿ ಎಣಿಸಿದ. "ನೂರಾ ಹನ್ನೆರಡು."

ಅವಳು ಕೈ ಬಿಡಿಸಿಕೊಂಡು ಅವನ ಮಣಿಕಟ್ಟು ಹಿಡಿದಳು. ಒಂದು ಪೂರ್ತಿ ನಿಮಿಷ, ಬಿಡದೆ ಎಣಿಸಿದಳು.

"ನೂರಾ ಹದಿನೆಂಟು. ನಿಮಗ ಯಾವ ಕಾಯಿಲೀರಿ?"

ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.