ಶೋಗನ್ ಮಾರಾಟಕ್ಕಿಲ್ಲ

ನಮಸ್ಕಾರ ಹೇಳುವ ಮೊದಲೇ ನಾನು ಗಾಡಿಯ ಇಂಜಿನ್ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು.

"ನಾನು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದೀರಾ," ಎಂದೆ.

ಹಳೇ ಟೂ-ಸ್ಟ್ರೋಕ್ ಬೈಕ್ ಮಾರುವವರ ಚಾಳಿ ಇದು. ತಣ್ಣಗಿದ್ದಾಗ ಎಷ್ಟು ಒದ್ದರೂ ಏಳದ ಗಾಡಿಯನ್ನು ಗಿರಾಕಿ ಬರುವ ಮೊದಲೇ ಎಬ್ಬಿಸಿ ಬಿಸಿ ಮಾಡಿಟ್ಟರೆ, ಆಮೇಲೆ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಗಿರಾಕಿ ಖುಷಿಯಾಗಿ ಮನೆಗೆ ಒಯ್ಯುತ್ತಾನೆ. ಮಾರನೇ ದಿನ ಬೆಳಗ್ಗೆ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ.

ಗಾಡಿಯ ಮಾಲೀಕ ಹರಿಕೃಷ್ಣ ಸ್ಪ್ಯಾನರ್ ಕೆಳಗಿಟ್ಟು ನನ್ನನ್ನು ನೋಡಿದ. ಮೂವತ್ತರ ಆಸುಪಾಸು. ಹುಬ್ಬಿನ ಮೇಲೆ ಗ್ರೀಸಿನ ಗೆರೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಕ್ಕುಬಿಟ್ಟ.

"ಬೆಳಗ್ಗೆ ಅದರಲ್ಲೇ ಮುರುಗಮಲ್ಲಕ್ಕೆ ಹೋಗಿದ್ದೆ ಮೇಡಂ. ನಂಬಿಕೆ ಇಲ್ದಿದ್ರೆ ಕೂತ್ಕೊಳಿ. ತಣ್ಣಗಾಗ್ಲಿ, ಆಮೇಲೆ ನೀವೇ ಒದೀರಿ."

"ಕೂತ್ಕೋತೀನಿ."

"ನಿಜವಾಗ್ಲೂ?"

"ಗೌರಿಬಿದನೂರಿಂದ ಬಸ್ ಮೇಲೆ ಬಸ್ ಹತ್ತಿ ಬಂದಿರೋದು ನಿಮ್ಮ ನಗು ನೋಡಕ್ಕಲ್ಲ."

ಅವನು ಇನ್ನೂ ಜೋರಾಗಿ ನಕ್ಕ. ನಾನು ಮುಖ ಗಂಟು ಹಾಕಿಕೊಂಡು ಮರದ ಸ್ಟೂಲಿನ ಮೇಲೆ ಕೂತೆ.

ನನ್ನ ಕೆಲಸವೇ ಅನುಮಾನ ಪಡುವುದು. ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಬ್ರೇಕಿನ ಬಿಡಿಭಾಗ ಸರಿ ಇದೆ ಅಂತ ಯಾರೇ ಆಣೆ ಮಾಡಲಿ, ಗೇಜ್ ಹಾಕಿ ನೋಡದೆ ಸೀಲ್ ಒತ್ತುವುದಿಲ್ಲ. ಲೈನಿನ ಹುಡುಗರು ಬೆನ್ನ ಹಿಂದೆ 'ರಿಜೆಕ್ಟ್ ಗೌತಮಿ' ಅನ್ನುತ್ತಾರೆ. ಅನ್ನಲಿ.

ಒಂದೇ ಒಂದು ಸಲ ಗೇಜ್ ಹಾಕದೆ ಒಪ್ಪಿಕೊಂಡಿದ್ದೆ. ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಅಚ್ಚಾದ ಮೇಲೆ ತಿಳಿಯಿತು, ಹುಡುಗನಿಗೆ ಆಗಲೇ ಒಂದು ಮದುವೆಯಾಗಿದೆ, ಮನೆಯವರೆಲ್ಲ ಸೇರಿ ಮುಚ್ಚಿಟ್ಟಿದ್ದಾರೆ ಅಂತ. ಆವತ್ತಿನಿಂದ ಗಂಡಸರ ಮಾತು ಕೇಳಿದರೆ ನನ್ನ ಕಿವಿ ತಾನಾಗಿ ನಿಮಿರುತ್ತದೆ. ಇನ್ನೊಂದು ಸಲ ಮೋಸ ಹೋದರೆ ಎದ್ದು ನಿಲ್ಲುವ ಶಕ್ತಿ ನನಗಿರಲಿಲ್ಲ. ಅದಕ್ಕೇ ಗಂಡಿನ ಸಹವಾಸ ಸಾಕು, ಗಾಡಿ ತಗೋತೀನಿ ಅಂತ ಹೊರಟಿದ್ದೆ. ಹೈಸ್ಕೂಲಿನಲ್ಲಿದ್ದಾಗ ಬೀದಿಯಲ್ಲಿ ಟೂ-ಸ್ಟ್ರೋಕ್ ಸದ್ದು ಕೇಳಿದರೆ ಪುಸ್ತಕ ಬಿಟ್ಟು ಕಿಟಕಿಗೆ ಓಡುತ್ತಿದ್ದವಳು ನಾನು.

ಚಿಂತಾಮಣಿಯಿಂದ ಮುರುಗಮಲ್ಲದ ಕಡೆ ಹೋಗುವ ರಸ್ತೆಯಲ್ಲಿ, ಮನೆಗೆ ಅಂಟಿಕೊಂಡಂತೆ ಇತ್ತು ಹರಿಕೃಷ್ಣನ ಶೆಡ್ಡು. ಹಳೇ ಗಾಡಿ ತಂದು, ಬಿಚ್ಚಿ, ಹೊಸದು ಮಾಡಿ ಮಾರುತ್ತಿದ್ದ. ಆಗ ಮೂರು ನಿಂತಿದ್ದವು. ನಾನು ಕೈ ಇಟ್ಟ ಆರ್‌ಎಕ್ಸ್ ಹಂಡ್ರೆಡ್, ಹಗುರವಾದ ಕಪ್ಪು ಗಾಡಿ. ಪಕ್ಕದಲ್ಲಿ ಐದು ಗೇರಿನ ಆರ್‌ಎಕ್ಸ್‌ಝಡ್, ಮುಂದೆ ಗಾಳಿ ತಡೆಯುವ ಪುಟ್ಟ ಫೇರಿಂಗ್ ಕಟ್ಟಿಕೊಂಡು ರೇಸಿಗೆ ನಿಂತ ಹಾಗೆ. ಮೂಲೆಯಲ್ಲಿ ಕೆಂಪು ಶೋಗನ್. ಅದು ಕೂಗಿದರೆ ಪಕ್ಕದೂರಿಗೆ ಕೇಳುತ್ತದೆ. ಮೂರರಲ್ಲಿ ಒಂದನ್ನು ಆರಿಸಬೇಕಿತ್ತು.

ಇಂಜಿನ್ ತಣ್ಣಗಾದ ಮೇಲೆ ಒದ್ದೆ. ಮೊದಲ ಒದೆತಕ್ಕೇ ಎದ್ದಿತು.

"ಇದನ್ನೇ ಕೊಡಿ," ಎಂದೆ.

"ಬೇಡ ಮೇಡಂ." ಬಗ್ಗಿ, ಟ್ಯಾಂಕಿನ ಕೆಳಗೆ ಬೆರಳಿಟ್ಟು ತೋರಿಸಿದ. "ಇಲ್ಲಿ ನೋಡಿ. ಚಾಸಿಸ್ ವೆಲ್ಡ್ ಆಗಿದೆ. ಪೇಂಟ್ ಹೊಡೆದ್ರೆ ಗೊತ್ತಾಗಲ್ಲ. ದೂರ ಓಡಿಸೋರಿಗೆ ಇದು ಸರಿಹೋಗಲ್ಲ."

ನನ್ನ ಕಿವಿ ನಿಮಿರಿತು. ತನ್ನ ಮಜ್ಜಿಗೆ ಹುಳಿ ಅಂತ ಯಾರಾದರೂ ಹೇಳುತ್ತಾರಾ? ಇವನು ಹೇಳುತ್ತಿದ್ದಾನೆ ಅಂದರೆ ಇದರಲ್ಲಿ ಏನೋ ಮಸಲತ್ತು ಇದೆ.

ಅಷ್ಟರಲ್ಲಿ ಅವನ ತಾಯಿ ರಾಮಲಕ್ಷ್ಮಮ್ಮ ಸ್ಟೀಲ್ ಲೋಟದಲ್ಲಿ ಟೀ ತಂದುಕೊಟ್ಟರು. ಒಳಗೆ ಹೋಗುತ್ತಾ ಮಗನನ್ನು ತೆಲುಗಿನಲ್ಲಿ ಕೇಳಿದರು, "ಎವರ್ರಾ ವಾಳ್ಳು?" ಯಾರು ಅಂದರೆ ಹೆಸರಲ್ಲ, ಯಾವ ಜನ ಅಂತ. ನಮ್ಮ ಕಡೆ ತೆಲುಗು ಬಾರದವರು ಯಾರಿದ್ದಾರೆ? ಟೀ ಮಾತ್ರ ಚೆನ್ನಾಗಿತ್ತು.

ಮುಂದಿನ ಭಾನುವಾರ ಆರ್‌ಎಕ್ಸ್‌ಝಡ್ ಹತ್ತಿದೆ. ಅವನು ವೆಲ್ಡ್ ಆದ ಗಾಡಿಯಲ್ಲಿ ಮುಂದೆ, ನಾನು ಹಿಂದೆ. ಶಿಡ್ಲಘಟ್ಟದವರೆಗೆ ಹಿಪ್ಪುನೇರಳೆ ತೋಟಗಳ ನಡುವೆ ಹೊಡೆದೆವು. ಅವನು ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ. ನಾನು ನೋಡಿದಾಗ ಕಣ್ಣು ತಪ್ಪಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ ನೋಡುತ್ತಿದ್ದ. ಹೆಲ್ಮೆಟ್ಟಿನೊಳಗೆ ನನ್ನ ಕೆನ್ನೆ ಬಿಸಿಯಾಯಿತು, ಬಿಸಿಲಿಗೆ ಅಂದುಕೊಂಡೆ.

ರೇಷ್ಮೆಗೂಡಿನ ಮಾರ್ಕೆಟ್ ಹತ್ತಿರ ಗಾಡಿ ನಿಲ್ಲಿಸಿ ಟೀ ಕುಡಿದೆವು. ಗೂಡಿನ ವಾಸನೆಗೆ ನಾನು ಮೂಗು ಮುಚ್ಚಿಕೊಂಡರೆ, "ಸೀರೆ ಉಡೋವಾಗ ಮೂಗು ಮುಚ್ಕೊಳಲ್ಲ ಅಲ್ವಾ?" ಅಂತ ಕಾಲೆಳೆದ.

"ಒಂದು ಕೇಳ್ಲಾ ಮೇಡಂ? ನೀವು ಗಾಡಿ ನೋಡಕ್ ಬರ್ತೀರೋ ನನ್ನ ನೋಡಕ್ ಬರ್ತೀರೋ?"

"ನಿಮ್ಮಲ್ಲಿ ನೋಡಕ್ಕೇನಿದೆ?"

"ಎಲ್ಲೂ ವೆಲ್ಡ್ ಆಗಿಲ್ಲ. ಒರಿಜಿನಲ್ ಪೀಸು."

"ಹಾಗಂತ ಎಲ್ಲಾ ಸೆಕೆಂಡ್‌ಹ್ಯಾಂಡೂ ಹೇಳ್ತವೆ."

ಟೀ ನೆತ್ತಿಗೇರುವಷ್ಟು ನಕ್ಕ. ನಾನೂ ನಕ್ಕೆ, ಹಾಳಾದ್ದು, ತಡೆಯಲಾಗಲಿಲ್ಲ. ಆಮೇಲೆ ಅವನೇ ಹೇಳಿದ, "ಝಡ್ ಕೂಡ ಬೇಡ. ಏರು ಹತ್ತೋವಾಗ ಮೂರನೇ ಗೇರು ಬಿಟ್ಕೊಳುತ್ತೆ. ನಿಮಗೂ ಗೊತ್ತಾಗಿರುತ್ತೆ."

ಗೊತ್ತಾಗಿತ್ತು. ಹೇಳುತ್ತಾನೋ ಇಲ್ಲವೋ ಅಂತ ಸುಮ್ಮನಿದ್ದೆ. ಹೇಳಿದ. ಅದೇ ನನ್ನನ್ನು ಹೆದರಿಸಿತು. ಇಷ್ಟು ಸತ್ಯ ಹೇಳುವವನು ಯಾವುದೋ ದೊಡ್ಡದನ್ನು ಮುಚ್ಚಿಟ್ಟಿರಬೇಕು.

ಶೆಡ್ಡಿಗೆ ಮರಳಿದಾಗ ರಾಮಲಕ್ಷ್ಮಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಹರಿಕೃಷ್ಣ ಗಾಡಿಗಳನ್ನು ಒಳಗೆ ನಿಲ್ಲಿಸುತ್ತಿದ್ದ.

"ಯಾವೂರಮ್ಮ? ಯಾರ ಪೈಕಿ?"

"ಗೌರಿಬಿದನೂರು. ಕೋನಪ್ಪ ಅಂತ ನಮ್ಮಪ್ಪ."

"ಅಂದ್ರೆ…"

"ಎಸ್‌ಸಿ, ಅಮ್ಮ. ಮನೆಲಿ ಬುದ್ಧನ ಫೋಟೋ ಇದೆ."

"ಓಹೋ," ಎಂದು ಅವರೆಕಾಯಿ ಬಿಡಿಸುವುದನ್ನು ಮುಂದುವರಿಸಿದರು.

ಅದರ ಮುಂದಿನ ವಾರ ಟೀ ಬಂತು. ಹರಿಕೃಷ್ಣನಿಗೆ ಸ್ಟೀಲ್ ಲೋಟದಲ್ಲಿ. ನನಗೆ ಪೇಪರ್ ಕಪ್ಪಿನಲ್ಲಿ.

ನಾನು ಕ್ವಾಲಿಟಿಯವಳು. ಎರಡು ವಸ್ತುಗಳ ನಡುವಿನ ವ್ಯತ್ಯಾಸ ಹಿಡಿಯುವುದಕ್ಕೇ ನನಗೆ ಸಂಬಳ. ಅವನ ಮುಖ ನೋಡಿದೆ. ಅವನು ನನ್ನ ಕೈಯಲ್ಲಿದ್ದ ಕಪ್ಪು ನೋಡಿದ. ತಲೆ ತಗ್ಗಿಸಿ ಕಾರ್ಬುರೇಟರ್ ಒಳಗೆ ಮುಖ ಹುದುಗಿಸಿದ. ಟೀ ಕುಡಿಯಲಿಲ್ಲ.

ಅದೇ ಹೊತ್ತಿಗೆ ಅವನ ಫೋನು. "ಇಲ್ಲಾ ಅಣ್ಣ, ಶೋಗನ್ ಮಾರಾಟಕ್ಕಿಲ್ಲ. ಎಷ್ಟಾದ್ರೂ ಇಲ್ಲ. ಅದು ಒಬ್ರಿಗೆ ಇಟ್ಟಿರೋದು," ಎಂದ ಮೆಲ್ಲಗೆ.

ಫೋನ್ ಇಟ್ಟ ಮೇಲೆ ಕೇಳಿದೆ, "ಹಾಗಾದ್ರೆ ಶೋಗನ್ ನೋಡ್ಲಾ?"

"ಅದಾ?" ತಡವರಿಸಿದ. "ಅದರ ಕ್ರ್ಯಾಂಕ್ ಬೇರಿಂಗ್ ಸೌಂಡ್ ಮಾಡ್ತಿದೆ. ಬಿಚ್ಚಬೇಕು. ಟೈಮ್ ಹಿಡಿಯುತ್ತೆ."

ಗಾಡಿಯ ಮಾತು ಆಡುವಾಗ ಮೊದಲ ಸಲ ಅವನ ಕಣ್ಣು ನನ್ನ ಕಣ್ಣನ್ನು ತಪ್ಪಿಸಿ ಗೋಡೆ ಹಿಡಿಯಿತು. ಸಿಕ್ಕಿಬಿದ್ದೆ ಮಗನೇ ಅಂದುಕೊಂಡೆ. ಆದರೆ ಬಸ್ಸಿನಲ್ಲಿ ಕೂತ ಮೇಲೆ ಖುಷಿ ಆಗಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಿಸುವಾಗ ಕಣ್ಣಲ್ಲಿ ನೀರು ಬಂತು. ಯಾರಿಗೆ ಇಟ್ಟಿದ್ದಾನೆ ಆ ಗಾಡಿ? ಯಾವಳಿಗೆ? ಛೀ, ನನಗ್ಯಾಕೆ? ಆಗಲೇ ನನಗೆ ಗೊತ್ತಾದದ್ದು, ನನಗೆ ಬೇಕಾಗಿದ್ದದ್ದು ಶೋಗನ್ ಅಲ್ಲ, ಅವನು. ಮತ್ತೆ ಅದೇ ಗುಂಡಿಗೆ ಕಾಲಿಟ್ಟಿದ್ದೇನೆ ಅಂತ.

ಇನ್ನು ಹೋಗಬಾರದು ಅಂದುಕೊಂಡೆ. ಭಾನುವಾರ ಬೆಳಗ್ಗೆ ಎದ್ದು, ಬ್ಯಾಗಿನಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಹಾಕಿಕೊಂಡು ಬಸ್ ಹತ್ತಿದೆ. ರಿಜೆಕ್ಟ್ ಮಾಡುವುದಾದರೂ ಪರೀಕ್ಷೆ ಮಾಡಿಯೇ ಮಾಡಬೇಕು.

ಹರಿಕೃಷ್ಣ ಬಾಯಿ ತೆರೆಯುವ ಮೊದಲೇ ಶೋಗನ್ ಹತ್ತಿರ ಹೋಗಿ ಒದ್ದೆ. ಶೆಡ್ಡಿನ ತಗಡು ನಡುಗಿತು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡೆ. ಡಾಕ್ಟರು ಎದೆ ಕೇಳುವ ಹಾಗೆ ಬೇರಿಂಗಿನ ಸದ್ದು ಕೇಳಿಸಿಕೊಳ್ಳುವ ರೀತಿ ಅದು. ಹಾಳಾದ ಬೇರಿಂಗ್ ಆಗಿದ್ದರೆ ಗರಗರ ಅನ್ನಬೇಕಿತ್ತು. ಅಲ್ಲಿ ಅಂಥದ್ದೇನೂ ಇರಲಿಲ್ಲ. ಇಂಜಿನ್ ಆಫ್ ಮಾಡಿದೆ.

"ಸುಳ್ಳು ಹೇಳಿದೆ ನೀನು," ಎಂದೆ. 'ನೀವು' ಅನ್ನುವುದು ಯಾವಾಗ ಬಿದ್ದುಹೋಯಿತೋ. "ಈ ಬೇರಿಂಗ್‌ಗೆ ಏನೂ ಆಗಿಲ್ಲ. ಯಾರಿಗೆ ಇಟ್ಟಿದೀಯ ಇದನ್ನ?"

"ಗೌತಮಿ…"

"ಯಾರಿಗೆ ಹೇಳು. ಬೇರೆ ಯಾರಾದ್ರೂ ಇದ್ರೆ ಈಗ್ಲೇ ಹೇಳ್ಬಿಡು. ನನ್ನಲ್ಲಿ ಇನ್ನೊಂದು ಸಲ ತಡ್ಕೊಳೋ ಶಕ್ತಿ ಇಲ್ಲ."

ಅವನು ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ನಿನಗೇ ಇಟ್ಟಿರೋದು. ಮೊದಲನೇ ದಿನ ನೀನು ಸ್ಟೂಲ್ ಮೇಲೆ ಕೂತು, ಇಂಜಿನ್ ತಣ್ಣಗಾಗೋ ತನಕ ನನ್ನ ಗುರಾಯಿಸ್ತಾ ಇದ್ದೆಯಲ್ಲ, ಆವತ್ತೇ. ಆರ್‌ಎಕ್ಸ್‌ದು, ಝಡ್‌ದು ಹೇಳಿದ್ದೆಲ್ಲ ನಿಜ. ಇದೊಂದು ಸುಳ್ಳು. ಕೊಟ್ಬಿಟ್ರೆ ನೀನು ತಗೊಂಡು ಹೋಗ್ತೀಯ. ಆಮೇಲೆ ಭಾನುವಾರ ನಾನೇನ್ ಮಾಡ್ಲಿ? ನಿನ್ನ ಮೇಲೆ ಪ್ರಾಣ ಇಟ್ಟಿದೀನಿ ಕಣೇ."

ಓಡಿಹೋಗಿ ಅವನ ಹುಬ್ಬಿನ ಗ್ರೀಸ್ ಒರೆಸಬೇಕು ಅನ್ನಿಸಿತು. ಆದರೆ ಒಂದು ಪರೀಕ್ಷೆ ಬಾಕಿಯಿತ್ತು.

"ಹೋದ ವಾರ ನನಗ್ಯಾಕೆ ಪೇಪರ್ ಕಪ್ಪು?"

ಕೈಯೆಲ್ಲ ಗ್ರೀಸ್ ಅಲ್ವಾ, ಗಿರಾಕಿಗಳಿಗೆಲ್ಲ ಹಾಗೇ ಕೊಡೋದು ಅನ್ನಬಹುದಿತ್ತು. ಲೋಟ ತೊಳೆದಿರಲಿಲ್ಲ ಅನ್ನಬಹುದಿತ್ತು. ನಾನು ನಂಬಿಯೂಬಿಡುತ್ತಿದ್ದೆನೇನೋ, ಅಷ್ಟು ಆಸೆಯಿತ್ತು ನನಗೆ.

"ಅಮ್ಮ ಬೇಕಂತಲೇ ಕೊಟ್ಟಿದ್ದು," ಎಂದ. "ನಿನ್ನ ಜಾತಿ ಗೊತ್ತಾದ ಮೇಲೆ. ನಾನು ನೋಡಿದೆ. ನೋಡಿಯೂ ಬಾಯಿ ಮುಚ್ಕೊಂಡಿದ್ದೆ. ನೀನು ಹೋದ್ಮೇಲೆ ಅಮ್ಮನ ಜೊತೆ ಜಗಳ ಆಡ್ದೆ. ಆದರೆ ನಿನ್ನ ಎದುರಿಗೇ ಆಡ್ಬೇಕಿತ್ತು. ನಾಚಿಕೆ ಆಗ್ತಿದೆ ನನಗೆ."

ಮದುವೆ ಮುಚ್ಚಿಟ್ಟವರು, ಮಾತಿಗೆ ಬಣ್ಣ ಬಳಿದವರು, ಎಲ್ಲರೂ ನೆನಪಾದರು. ಸ್ವಂತ ತಾಯಿಯ ತಪ್ಪನ್ನು, ತನ್ನ ಹೇಡಿತನವನ್ನು ಒಂದೇ ಉಸಿರಿಗೆ ಒಪ್ಪಿಕೊಂಡವರನ್ನು ನಾನು ನೋಡಿರಲಿಲ್ಲ. ಸಿಟ್ಟೂ ಬಂತು, ಪ್ರೀತಿಯೂ ಬಂತು. ಪ್ರೀತಿ ಒಂದು ತೂಕ ಹೆಚ್ಚಿತ್ತು.

"ನಮ್ಮನೇಲಿ ಇವತ್ತು ಮುದ್ದೆ, ಸೊಪ್ಪಿನ ಸಾರು," ಎಂದೆ. "ಶೋಗನ್‌ನ ಗೌರಿಬಿದನೂರು ತನಕ ಟೆಸ್ಟ್ ರೈಡ್ ಮಾಡ್ತೀನಿ. ಬಂದು ನಮ್ಮಪ್ಪನ ಪಕ್ಕ ಕೂತು ಉಣ್ತೀಯಾ?"

"ಈಗ್ಲಾ?"

"ಈಗ್ಲೇ. ನಿಮ್ಮಮ್ಮನಿಗೆ ಹೇಳಿ ಬಾ."

ಅವನು ಅಮ್ಮ ಕೂತಿದ್ದ ಜಗಲಿಗೆ ನಡೆದ. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ. ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡುವಂತೆ ಹೇಳಿದ.

"ಅಮ್ಮ, ಗೌತಮಿ ಮನೆಗೆ ಊಟಕ್ಕೆ ಹೋಗ್ತಿದೀನಿ. ಅವರಪ್ಪನ ಹತ್ರ ಹೆಣ್ಣು ಕೇಳ್ತೀನಿ. ಅವಳು ಬೇಡ ಅಂದ್ರೆ ವಾಪಸ್ ಬರ್ತೀನಿ. ನೀನು ಬೇಡ ಅಂದ್ರೂ ಹೋಗ್ತೀನಿ."

ರಾಮಲಕ್ಷ್ಮಮ್ಮ ಅವನನ್ನು ನೋಡಿದರು. ನನ್ನನ್ನು ನೋಡಿದರು. ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಹರಿಕೃಷ್ಣ ಶೋಗನ್ ಹೊರಗೆ ತಂದು ಶೆಡ್ಡಿನ ಷಟರ್ ಎಳೆದ.

ಅಷ್ಟರಲ್ಲಿ ಅವರು ಒಂದು ಚೀಲ ಹಿಡಿದುಕೊಂಡು ಹೊರಗೆ ಬಂದರು.

"ಉಣ್ಣೋ ಮನೆಗೆ ಬರಿಗೈಲಿ ಹೋಗ್ತಾರೇನೋ, ಬುದ್ಧಿ ಇಲ್ದೋನೇ?" ಮಗನ ಹತ್ತಿರ ತೆಲುಗು ಬಿಟ್ಟು ಮಾತಾಡದವರು ಇದನ್ನು ಕನ್ನಡದಲ್ಲಿ ಹೇಳಿದರು.

ಚೀಲದ ತುಂಬ ಅವರೆಕಾಯಿ. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಜಗಲಿಯ ಮೇಲೆ ಇಡುತ್ತಾರಾ? ಅಲ್ಲಿಟ್ಟು, ತಗೊಂಡು ಹೋಗು ಅನ್ನುತ್ತಾರಾ? ನಮ್ಮ ಜನಕ್ಕೆ ಕೊಡುವಾಗ ಹಾಗೆ ನೆಲಕ್ಕಿಟ್ಟು ಕೊಟ್ಟವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹರಿಕೃಷ್ಣ ಕೈ ಚಾಚಿದ. ಅವರು ಅವನನ್ನು ದಾಟಿ ನನ್ನ ಮುಂದೆ ಬಂದು ನಿಂತರು. ಅದು ಅವರಿಗೆ ಸುಲಭವಾಗಿರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು.

"ಹಿಡ್ಕೋಮ್ಮ," ಎಂದು ಚೀಲವನ್ನು ನನ್ನ ಎರಡೂ ಕೈಗೆ ಕೊಟ್ಟರು. ಅವರ ಬೆರಳು ನನ್ನ ಬೆರಳಿಗೆ ತಾಗಿತು. "ಭಾರ ಐತೆ."

ಚೀಲವನ್ನು ಹರಿಕೃಷ್ಣನ ಕೈಗೆ ಕೊಟ್ಟು, ಗಾಡಿ ಒದ್ದೆ. ಅವನು ಹಿಂದೆ ಕೂತು ನನ್ನ ಭುಜ ಹಿಡಿದುಕೊಂಡ. ನಾನು ಬೇಡ ಅನ್ನಲಿಲ್ಲ.

"ಏನಮ್ಮ," ಎಂದರು ರಾಮಲಕ್ಷ್ಮಮ್ಮ, ಕಣ್ಣು ಕಿರಿದು ಮಾಡಿಕೊಂಡು, "ಸಂಜೆ ಇವನ್ನ ವಾಪಸ್ ಕರ್ಕೊಂಡ್ ಬರ್ತೀಯಾ, ಇಲ್ಲ ಅಲ್ಲೇ ಇಟ್ಕೋತೀಯಾ?"

"ಕರ್ಕೊಂಡ್ ಬರ್ತೀನಿ, ಅಮ್ಮ. ನಾನೂ ಬರ್ತೀನಿ."

ಅವರು ನಂಬಿದಂತೆ ಕಾಣಲಿಲ್ಲ. ನಾವು ತಿರುವು ದಾಟುವವರೆಗೂ ಜಗಲಿ ಇಳಿದು ರಸ್ತೆಯಲ್ಲೇ ನಿಂತಿದ್ದರು.