ಮಿಂಚಿನ ಗಿಟಾರು ಮತ್ತು ರಾಜನ ಬಾಚಣಿಗೆ

ಕಪ್ಪೆ ಏಡಿಗಳಿಗೂ ಮಾತು ಬರುತ್ತಿದ್ದ ಕಾಲ. ಮೊಳಗೂರು ಅಂತ ಒಂದು ರಾಜ್ಯ, ಅದಕ್ಕೆ ಗಂಡುಗಲಿರಾಯ ಅಂತ ಒಬ್ಬ ರಾಜ. ಹೆಸರು ಕೇಳಿ ಹೆದರಬೇಡಿ! ತಾಯಿಯಿಲ್ಲದ ಮಗಳು ಹೊಂಬಾಳೆಗೆ ದಿನಾ ಬೆಳಿಗ್ಗೆ ತಾನೇ ಕೂತು ತಲೆ ಬಾಚಿ ಎರಡು ಜಡೆ ಹಾಕುವ ರಾಜ ಅವನು.

ಅರಮನೆಯ ಮಾಳಿಗೆ ಮೇಲೊಂದು ಮಿಂಚಿನ ಗಿಟಾರಿತ್ತು. ಮೋಡದ ಮಿಂಚು ತಾಮ್ರದ ಸರಿಗೆ ಹಿಡಿದು ಅದರೊಳಗೆ ಇಳಿಯುತ್ತಿತ್ತು. ಹೊಂಬಾಳೆ ಬೆರಳಾಡಿಸಿದಳೋ, ಊರಿಗೆ ಊರೇ ಕುಣಿಯುತ್ತಿತ್ತು. ಗುಹೆಯಲ್ಲಿದ್ದ ಮಾಂತ್ರಿಕ ಹೊಗೆಗಣ್ಣನಿಗೆ ಮಾತ್ರ ಅದನ್ನು ಕೇಳಿದರೆ ಮೈಯೆಲ್ಲ ಉರಿ. ನಿದ್ದೆಯೆಂದರೆ ಅವನಿಗೆ ಪ್ರಾಣ.

ಒಂದು ಬೆಳಿಗ್ಗೆ ರಾಜ ಒಂದು ಜಡೆ ಹೆಣೆದು ಮುಗಿಸಿದ್ದ. "ಅಲ್ಲಾಡಬೇಡ ಮಗಳೇ, ಇನ್ನೊಂದು ಜಡೆ..." ಅನ್ನುವಷ್ಟರಲ್ಲಿ ಕಿಟಕಿಯಿಂದ ಹೊಗೆ ನುಗ್ಗಿತು. ರಾಜ ಕೂತಲ್ಲೇ ಕಲ್ಲಾದ. ಮರದ ಬಾಚಣಿಗೆ ನೆಲಕ್ಕೆ ಬಿತ್ತು.

"ಅಪ್ಪಾ!" ಎಂದು ಚೀರಿದಳು ಹೊಂಬಾಳೆ.

ಹೊಗೆಯೊಳಗಿಂದ ಹೊಗೆಗಣ್ಣ ನಕ್ಕ. "ಸೂರ್ಯ ಮುಳುಗುವುದರೊಳಗೆ ಆರೂ ತಂತಿ ಶ್ರುತಿಗೂಡಿ ಮೊಳಗಿದರೆ ಏಳುತ್ತಾನೆ. ಇಲ್ಲದಿದ್ದರೆ ಕಲ್ಲು ಕಲ್ಲೇ!"

ಅವಳು ಮಾಳಿಗೆಗೆ ಓಡಿದಳು. ಮೂರನೇ ತಂತಿ ಜೋತುಬಿದ್ದಿತ್ತು. ತಂತಿಗಳನ್ನು ಹೊರುವ ಲೋಹದ ಪಟ್ಟಿಗೆ ಅಲ್ಲಿನವರು ಕುದುರೆ ಅನ್ನುತ್ತಿದ್ದರು. ಒಂದೊಂದು ತಂತಿಯ ಕೆಳಗೂ ಪುಟ್ಟದೊಂದು ಜೀನು, ಅದನ್ನು ತಳ್ಳಿ ನಿಲ್ಲಿಸಲು ಸ್ಪ್ರಿಂಗು, ಮರಕ್ಕೆ ಬಿಗಿಯಲು ತಿರುಪು. ಮೂರನೇ ತಂತಿಯದ್ದು ಮೂರೂ ಮಾಯ! ಹೊಗೆಗಣ್ಣ ಕಿತ್ತೊಯ್ದಿದ್ದ.

"ಎಲ್ಲಿಟ್ಟೆಯೋ ಕಳ್ಳಾ?" ಎಂದು ಮಾಳಿಗೆಯ ಮೇಲೆ ತೇಲುತ್ತಿದ್ದ ಹೊಗೆಯತ್ತ ಕೂಗಿದಳು.

"ಗುಹೆಯ ದಾರಿಯಲ್ಲಿ ನನ್ನ ಮೂರು ಕಾವಲುಗಾರರಿದ್ದಾರೆ, ಒಬ್ಬೊಬ್ಬರ ಹತ್ತಿರ ಒಂದೊಂದು. ಗುಂಡಿಗೆ ಇದ್ದರೆ ಹೋಗಿ ಕೇಳು!"

ಗುಂಡಿಗೆಗೇನು ಕೊರತೆ! ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕಡೆ ಜಡೆ, ಇನ್ನೊಂದು ಕಡೆ ಕೆದರಿದ ಕೂದಲು, ಹೊರಟೇಬಿಟ್ಟಳು.

ಹಳ್ಳದ ದಂಡೆಯಲ್ಲಿ ಮೊರದಗಲದ ಏಡಿ ಕೂತಿತ್ತು, ಕೈಯ ಕೀಲಿನಲ್ಲಿ ತಿರುಪು ಮಿನುಗುತ್ತಿತ್ತು. "ಏಡಿಯಣ್ಣಾ, ಏಡಿಯಣ್ಣಾ, ನನ್ನ ತಿರುಪು ಕೊಡು."

"ಕೊಟ್ಟರೆ ನನ್ನ ಕೈ ಕಳಚಿ ಬೀಳುತ್ತೆ ಕಣಮ್ಮಾ! ಕೀಲು ಸವೆದು ಲೊಡಲೊಡ ಅಂತಿತ್ತು. ಈ ತಿರುಪೇ ಹಿಡಿದು ನಿಲ್ಲಿಸಿದೆ."

ಹೊಂಬಾಳೆ ಬಾಚಣಿಗೆಯ ಒಂದು ಹಲ್ಲು ಮುರಿದಳು. ತಿರುಪು ಬಿಚ್ಚಿ, ಸವೆದ ಕೀಲಿಗೆ ಹಲ್ಲನ್ನು ಬೆಣೆಯಂತೆ ಹೊಡೆದಳು. ಏಡಿ ಕೈ ಆಡಿಸಿ ನೋಡಿತು. "ಆಹಾ, ಮೊದಲಿಗಿಂತ ಗಟ್ಟಿ! ತಗೋ ತಾಯಿ, ಹೋಗಿ ಬಾ."

ಮುಂದೆ ಕೆಸರಿನಲ್ಲಿ ಕುಂಬಳಕಾಯಿಯಂಥ ಕಪ್ಪೆ ಬಿಟ್ಟೂಬಿಡದೆ ಕುಪ್ಪಳಿಸುತ್ತಿತ್ತು. "ಕಪ್ಪೆಯಣ್ಣಾ, ಕಪ್ಪೆಯಣ್ಣಾ, ನನ್ನ ಸ್ಪ್ರಿಂಗು ಕೊಡು."

"ನುಂಗಿಬಿಟ್ಟಿದ್ದೀನಿ... ಠೊಂಯ್! ಕುಪ್ಪಳಿಸಿ ಕುಪ್ಪಳಿಸಿ... ಠೊಂಯ್! ಸಾಕಾಗಿ ಹೋಯ್ತು... ಠೊಂಯ್!"

ಹೊಂಬಾಳೆ ಗಬಕ್ಕನೆ ಅದನ್ನು ಹಿಡಿದು, ಬಾಚಣಿಗೆಯಿಂದ ಗಂಟಲಿಗೆ ಕಚಗುಳಿಯಿಟ್ಟಳು. "ಆ... ಆ... ಆಕ್ಷೀ!" ಸ್ಪ್ರಿಂಗು ಹಾರಿ ಹೊರಗೆ ಬಿತ್ತು. ಬಾಯಿ ಮುಚ್ಚುವಾಗ ಕಪ್ಪೆ ಬಾಚಣಿಗೆಯ ಎರಡು ಹಲ್ಲು ಕಚ್ಚಿ ನುಂಗಿತು ಅನ್ನಿ. ಹೋಗಲಿ ಬಿಡಿ, ಪಾಪ, ಅದಕ್ಕೆ ಹಸಿವು.

ಗುಹೆಯ ಬಾಯಲ್ಲಿ ಬೆಂಕಿಯುಗುಳುವ ಗೋಸುಂಬೆ, ಬೆನ್ನ ಮೇಲೆ ಫಳಫಳಿಸುವ ಚಿನ್ನದ ಜೀನು. "ಗೋಸುಂಬೆಯಣ್ಣಾ, ಗೋಸುಂಬೆಯಣ್ಣಾ, ನನ್ನ ಜೀನು ಕೊಡು."

"ಮಹಾರಾಜ ಅನ್ನು! ಇಲ್ಲದಿದ್ದರೆ ಸುಟ್ಟುಬಿಡ್ತೀನಿ!"

"ಮಹಾರಾಜರ ತಲೆ ಬೋಳಾಗಿದೆಯಲ್ಲಾ? ಜೀನು ಕುದುರೆಗೆ, ಕಿರೀಟ ರಾಜನಿಗೆ." ಬಾಚಣಿಗೆಯ ದೊಡ್ಡ ತುಂಡನ್ನೇ ಮುರಿದು, ಹಲ್ಲು ಮೇಲಾಗಿ ಅದರ ತಲೆಗಿಟ್ಟಳು. ಗೋಸುಂಬೆ ಪಕ್ಕದ ಹೊಂಡದ ನೀರಿನಲ್ಲಿ ಮುಖ ನೋಡಿಕೊಂಡಿತು, ಉಬ್ಬಿಹೋಗಿ ಏಳು ಬಣ್ಣಕ್ಕೆ ತಿರುಗಿತು. ಜೀನು ಯಾರಿಗೆ ಬೇಕಿನ್ನು!

ಹೊಂಬಾಳೆ ಬಿದ್ದಂಬೀಳ ಓಡಿ ಮಾಳಿಗೆ ಹತ್ತಿದಾಗ ಸೂರ್ಯ ಬೆಟ್ಟದ ಅಂಚಿಗೆ ಬಂದಿದ್ದ. ಜೀನು ಇಟ್ಟಳು, ಸ್ಪ್ರಿಂಗು ಸೇರಿಸಿದಳು, ತಿರುಪು ತಿರುಗಿಸಿದಳು. ತಿರುಪು ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಬಿಗಿಯಲೇ ಇಲ್ಲ! ಹೊಗೆಗಣ್ಣ ಎಳೆದು ಕಿತ್ತಿದ್ದರಿಂದ ಮರದ ತೂತು ದೊಡ್ಡದಾಗಿತ್ತು.

"ಹಹ್ಹಹ್ಹಾ! ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ!" ಹೊಗೆಗಣ್ಣ ಆಕಾಶದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ.

ಹೊಂಬಾಳೆಯ ಕಣ್ಣಲ್ಲಿ ನೀರು ತುಂಬಿತು. ಸೂರ್ಯ ಅರ್ಧ ಮುಳುಗಿದ್ದ. ಆಗ ಏಡಿಯ ಸವೆದ ಕೀಲು ನೆನಪಾಯಿತು. ಸೊಂಟಕ್ಕೆ ಕೈ ಹಾಕಿದಳು. ಬಾಚಣಿಗೆಯಲ್ಲಿ ಉಳಿದದ್ದು ಒಂದೇ ಹಲ್ಲು. ಇದನ್ನೂ ಮುರಿದರೆ, ಅಪ್ಪನ ಕೈಯ ಬಾಚಣಿಗೆ ಬರೀ ಕಡ್ಡಿ. ಕಣ್ಣು ಮುಚ್ಚಿ ಮುರಿದಳು. ತೂತಿಗೆ ತುರುಕಿ ತಿರುಪು ತಿರುಗಿಸಿದಳು.

ಕರ್... ಕರ್... ಕಚ್ಚಿತು! ಕಚ್ಚಿ ಹಿಡಿಯಿತು!

ತಂತಿ ಎಳೆದು, ಶ್ರುತಿ ನೋಡಿ, ಆರನ್ನೂ ಒಟ್ಟಿಗೆ ಮೀಟಿದಳು. ಅಬ್ಬಬ್ಬಾ, ಅದೆಂಥ ಗುಡುಗು! ಆಕಾಶ ಬೆಳ್ಳಗೆ ಬೆಳಗಿತು. ಹೊಗೆಗಣ್ಣ ಕಿವಿ ಮುಚ್ಚಿಕೊಂಡು ಕೂಗುತ್ತ ಕೂಗುತ್ತ ಚೂರುಚೂರಾಗಿ ಗಾಳಿಗೆ ಹೋದ. ಮತ್ತೆ ಅವನನ್ನು ಕಂಡವರಿಲ್ಲ.

"...ಬಾಕಿ ಇದೆ ಅಂದೆನಲ್ಲ! ಎಲ್ಲಿಗೆ ಎದ್ದು ಹೋದೆ?" ಕೆಳಗಿಂದ ರಾಜನ ದನಿ.

ಹೊಂಬಾಳೆ ಮೆಟ್ಟಿಲು ಹಾರಿ ಇಳಿದು ಅಪ್ಪನನ್ನು ತಬ್ಬಿಕೊಂಡಳು. ಅತ್ತಳು, ನಕ್ಕಳು, ಮತ್ತೆ ಅತ್ತಳು. ರಾಜ ಅವಳ ಕೈಲಿದ್ದ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಯ್ಯೋ, ಇದರ ಹಲ್ಲೆಲ್ಲ ಎಲ್ಲಿ ಹೋದವೇ?"

"ಒಂದು ಏಡಿಯ ಕೈಯಲ್ಲಿ, ಎರಡು ಕಪ್ಪೆಯ ಹೊಟ್ಟೆಯಲ್ಲಿ, ಒಂದಷ್ಟು ಗೋಸುಂಬೆಯ ತಲೆ ಮೇಲೆ. ಕೊನೆಯದು ಗಿಟಾರಿನೊಳಗೆ, ನಿನಗೋಸ್ಕರ, ಅಪ್ಪಾ."

ರಾಜ ಮಗಳನ್ನು ಮುಂದೆ ಕೂರಿಸಿಕೊಂಡು ಬೆರಳಿನಿಂದಲೇ ಸಿಕ್ಕು ಬಿಡಿಸಿ ಎರಡನೇ ಜಡೆ ಹೆಣೆದ. ಅಂದು ಶುರುವಾದ ಕುಣಿತ ಮೊಳಗೂರಿನಲ್ಲಿ ಇನ್ನೂ ನಿಂತಿಲ್ಲವಂತೆ. ಅವರ ಮನೆಯ ಸಂತೋಷ ನಿಮ್ಮ ಮನೆಗೂ ಬರಲಿ.