ಆಯಾಳ ಗೋಡೆ

"ವದ್ದು ತಲ್ಲೀ, ಆ ಗೋಡೆ ತಂಟೆಗೆ ಹೋಗ್ಬೇಡ. ಕೆಡವಿದೋರ ದನೀನೇ ಅದು ತಗೊಳ್ಳೋದು."

ಬಂಗಲೆಯೆದುರಿನ ಟೀ ಅಂಗಡಿಯ ಭಾರತಮ್ಮ ಗೇಟು ದಾಟದೆ ನಿಂತೇ ತೆಲುಗು ಬೆರೆಸಿ ಹೇಳಿದಳು.

ಸೌಪರ್ಣಿಕಾ ನಕ್ಕಳು. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವುದೇ ಅವಳ ಕಸುಬು. ನಂಗಲಿ ದಾರಿಯ ಈ ಬಂಗಲೆಯನ್ನು ಹೋಟೆಲ್ ಮಾಡಿಕೊಡುವ ಕೆಲಸವನ್ನು ಅವಳೂ ಗಂಡ ಮುಕುಂದನೂ ಒಟ್ಟಿಗೆ ಹಿಡಿದಿದ್ದರು. "ನನ್ನ ದನಿ ತಗೊಂಡು ಅದೇನ್ ಮಾಡುತ್ತೆ, ಹಾಡು ಹೇಳುತ್ತಾ?"

ಭಾರತಮ್ಮ ನಗಲಿಲ್ಲ. ಬಂಗಲೆ ಕಟ್ಟಿಸಿದ ಸಾಹುಕಾರ ಹೆಂಡತಿಯ ಕತ್ತು ಹಿಸುಕಿದ್ದನ್ನು ಮನೆಯ ಆಯಾ ಕಂಡಿದ್ದಳಂತೆ. ಅವಳು ಬಾಯಿಬಿಡಬಾರದೆಂದು ಮಂತ್ರವಾದಿಯಿಂದ ಅವಳ ದನಿಯನ್ನೇ ಕಟ್ಟಿಸಿ ಗೋಡೆಯೊಳಗೆ ಇಡಿಸಿದನಂತೆ. ಆಯಾ ಮೂಕಿಯಾಗಿಯೇ ಸತ್ತಳು. ಆಮೇಲೆ ಅಲ್ಲಿ ಹೆರಿಗೆ ಆಸ್ಪತ್ರೆ ಬಂತು. ಹುಟ್ಟಿದ ಕೂಸುಗಳು ಅಳಲಿಲ್ಲ. ರೇಷ್ಮೆಗೂಡಿನ ಗೋದಾಮಾಯಿತು, ಕೂಲಿಯವರು ಹಾಡುಹಗಲೇ ಬಿಟ್ಟು ಓಡಿದರು.

ಮಧ್ಯಾಹ್ನ ಕೆಲಸದವರೆಲ್ಲ ಮುಕುಂದನ ಜೊತೆ ಊಟಕ್ಕೆಂದು ಮುಂದಿನ ಮಾವಿನ ಮರದಡಿ ಕೂತಾಗ, ಸೌಪರ್ಣಿಕಾ ಒಬ್ಬಳೇ ಆ ಗೋಡೆಯಿದ್ದ ದಕ್ಷಿಣದ ಕೋಣೆಗೆ ಹೋದಳು. ಉಬ್ಬಿದ ಗಾರೆಯನ್ನು ಉಳಿಯಿಂದ ಕೆತ್ತಿ ಇಟ್ಟಿಗೆ ಕಿತ್ತಳು. ಕೊಳೆತ ನಿಂಬೆಯ, ಸುಟ್ಟ ಕೂದಲಿನ ನಾತ ಮುಖಕ್ಕೆ ಬಡಿಯಿತು. ಕತ್ತಲ ಸಂದಿಯಲ್ಲಿ ಕಪ್ಪು ಬಟ್ಟೆಯ ಗಂಟು. ಬಿಚ್ಚಿದಳು. ತುಕ್ಕು ಹಿಡಿದ ಮೊಳೆಗಳ ನಡುವೆ ಒಣಗಿ ಸುರುಟಿದ ಒಂದು ನಾಲಿಗೆ.

ಹೆದ್ದಾರಿಯ ಲಾರಿಗಳ ಸದ್ದು ನಿಂತುಹೋಯಿತು. ಕಾಗೆಯೂ ಕೂಗಲಿಲ್ಲ. ಮೇಸ್ತ್ರಿ ಕದಿರೇಶನನ್ನು ಕರೆಯಲು ಬಾಯಿ ತೆರೆದಳು. ಉಸಿರಷ್ಟೇ ಬಂತು.

ನೆತ್ತಿಯ ಮೇಲೆ ತೊಲೆ ಲಟಲಟನೆ ಮುರಿಯತೊಡಗಿತು. ಹಿತ್ತಲ ಬಾಗಿಲಿನಿಂದ ಹೊರಗೆ ಹಾರಿದಳು. ಆಗ ಒಳಗಿನಿಂದ ಅವಳದೇ ದನಿ ಕೇಳಿಸಿತು.

"ಮುಕುಂದ್, ಬೇಗ ಬಾ. ನನ್ ಕೈಲಿ ಆಗ್ತಿಲ್ಲ."

ಮನೆಯನ್ನು ಸುತ್ತಿ ಓಡಿದಳು. ಮುಂಬಾಗಿಲು. ಮುಕುಂದನ ಬೆನ್ನು. ಕೂಗಿದಳು. ಸದ್ದಿಲ್ಲ. ಇಟ್ಟಿಗೆ ಎತ್ತಿ ಎಸೆದಳು. ಅವನು ತಿರುಗಲಿಲ್ಲ. ಒಳಗೆ ಹೋದ. ಸೂರು ಕುಸಿಯಿತು.

ಹೆಣ ಹೊರತೆಗೆಯುವಷ್ಟರಲ್ಲಿ ಪೊಲೀಸರು ಬಂದಿದ್ದರು. ಕದಿರೇಶ ಟವೆಲಿನಲ್ಲಿ ಕಣ್ಣೊರೆಸಿಕೊಂಡ. "ಮೇಡಮ್ಮೋರೇ ಒಳಗಿಂದ ಕರೆದ್ರು ಸಾರ್. ನಾವೆಲ್ಲಾ ಕೇಳಿಸ್ಕೊಂಡ್ವಿ."

"ಸೂರು ಬೀಳ್ತಿದೆ ಅಂತ ಗೊತ್ತಿದ್ದೂ ಕರೆದ್ರೇನಮ್ಮಾ?" ಸಬ್ ಇನ್‌ಸ್ಪೆಕ್ಟರ್ ಕೇಳಿದ.

ಇಲ್ಲ ಎನ್ನಲು ಸೌಪರ್ಣಿಕಾ ತುಟಿ ತೆರೆದಳು.

"ಹೌದು," ಎಂದಿತು ಅವಳ ದನಿ, ಸ್ಪಷ್ಟವಾಗಿ. "ಗೊತ್ತಿದ್ದೇ ಕರೆದೆ."